ನಾಲ್ಕೇ ನಡೆಯಲ್ಲಿ ಚೆಕ್‌ಮೇಟ್: ಈ ಬಲೆ ಎಲ್ಲಿಂದ ಬಂತು?

ಪುರವರದ ಬಸ್‌ಸ್ಟಾಪಲ್ಲಿ ಕೂತು ಫೋನಲ್ಲಿ ಚೆಸ್ ಆಡಿದ್ರೂ ಅಷ್ಟೇ, ಬೆಂಗಳೂರಿನ ಮೆಟ್ರೋದಲ್ಲಿ ಆಡಿದ್ರೂ ಅಷ್ಟೇ. ಎದುರಾಳಿಯ ಮಂತ್ರಿ, ಒಂಟೆ ಸೇರಿ ನಾಲ್ಕನೇ ನಡೆಗೇ ನಮ್ಮ ಕಥೆ ಮುಗಿಸಿರ್ತಾರೆ. ಇವತ್ತು ಈ ಬಲೆಯ ಇತಿಹಾಸ ಹೇಳ್ತೀನಿ.

ಹಳೆಯ ಚತುರಂಗದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ನಡೀತಿದ್ದ. ಅಂಥ ಆಟದಲ್ಲಿ ಅವಸರದ ಗೆಲುವು ಕಷ್ಟ. 15ನೇ ಶತಮಾನದ ಕೊನೆಗೆ ಯೂರೋಪಿನಲ್ಲಿ ಮಂತ್ರಿಗೂ ಒಂಟೆಗೂ ದೂರದ ಓಟ ಸಿಕ್ಕಿತು. ಬಲೆಗಳ ಕಾಲ ಶುರುವಾಗಿದ್ದೇ ಆಗ. 1620ರ ದಶಕದಲ್ಲಿ ಇಟಲಿಯ ಗ್ರೆಕೊ ಇಂಥ ಚುಟುಕು ಆಟಗಳನ್ನ ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟ. 1750ರ ಸುಮಾರಿಗೆ ಪ್ಯಾರಿಸ್ಸಿನ ಲೆಗಾಲ್ ತನ್ನ ಮಂತ್ರಿಯನ್ನೇ ಆಸೆ ತೋರಿಸಿ ಬಿಟ್ಟುಕೊಟ್ಟ. ಎದುರಾಳಿ ಹೊಡೆದ. ಎರಡು ಕುದುರೆ, ಒಂದು ಒಂಟೆ ಸೇರಿ ಚೆಕ್‌ಮೇಟ್!

ನಮ್ಮ ದೇಸಿ ಆಟದ ಓಟ ಬೇರೆ. ಅದರಲ್ಲಿ ಸಾಮಾನ್ಯವಾಗಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗ್ತಿತ್ತು. ಸೈನ್ಯಗಳು ಎದುರಾಗೋದು ನಿಧಾನ. ಚದುರಂಗದಲ್ಲಿ ಮುಳುಗಿದ್ದ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟುವ ದಾರಿಗಳನ್ನ ರಚಿಸಿದರು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಸಿ ನಿಯಮದಲ್ಲೇ ಆಟ ಕಲಿತವರು. ಪುಸ್ತಕದ ಓಪನಿಂಗ್ ಜ್ಞಾನ ಅವರಿಗೆ ಕಡಿಮೆ. ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ವಿಶ್ವ ಚಾಂಪಿಯನ್ ಆಗಿದ್ದ ಕಾಪಾಬ್ಲಾಂಕನನ್ನೂ ಸೋಲಿಸಿದರು.

ಅಂದ್ರೆ ನೂರು ಬಲೆ ಬಾಯಿಪಾಠ ಬೇಕಿಲ್ಲ. ಬಲೆ ಎಲ್ಲಿಗೆ ಗುರಿಯಿಡುತ್ತೆ ಅಂತ ಗೊತ್ತಿರಬೇಕು. ಕಪ್ಪು ಕಾಯಿಯವರಿಗೆ ಎಫ್7 ಮನೆ ದುರ್ಬಲ, ಯಾಕಂದ್ರೆ ಶುರುವಲ್ಲಿ ಅದನ್ನ ಕಾಯೋದು ರಾಜ ಒಬ್ಬನೇ. ಬಿಳಿ ಮಂತ್ರಿ ಎಚ್5ಕ್ಕೆ ಬಂದ ತಕ್ಷಣ ಜಿ6 ಆಡಬೇಡಿ. ನಿಮ್ಮ ಇ5 ಕಾಲಾಳಿಗೆ ಕಾವಲಿಲ್ಲದಿದ್ರೆ ಮಂತ್ರಿ ಅದನ್ನ ಹೊಡೆದು ಚೆಕ್ ಕೊಟ್ಟು, ಮೂಲೆಯ ಆನೆಯನ್ನೂ ನುಂಗುತ್ತೆ. ಮೊದಲು ಕುದುರೆಯನ್ನ ಸಿ6ಕ್ಕೆ ತನ್ನಿ. ಒಂಟೆ ಸಿ4ಕ್ಕೆ ಬಂದ ಮೇಲೆ ಜಿ6. ಈಗ ಓಡಬೇಕಾಗಿರೋದು ಎದುರಾಳಿಯ ಮಂತ್ರಿ. ನಿಮಗೆ ಒಂದು ನಡೆ ಲಾಭ.

ಲೆಗಾಲನ ಬಲೆಗೂ ಅದೇ ಮದ್ದು: ಮಂತ್ರಿ ಪುಕ್ಕಟೆ ಸಿಕ್ಕಿದ್ರೆ ಕೈ ಹಿಂದೆ ಇಟ್ಕೊಂಡು ಕೇಳಿ, ‘ಇವನು ಯಾಕೆ ಕೊಡ್ತಿದ್ದಾನೆ?’ ಗಡಿಯಾರದಲ್ಲಿ ಐದು ಸೆಕೆಂಡ್ ಹೋಗುತ್ತೆ, ಆಟ ಉಳಿಯುತ್ತೆ.