ಸುಡಲು ಹೇಳಿದರೂ ಉಳಿದ ಭೂತ: ‘ನೊಸ್ಫೆರಾಟು’ ಸಿನಿಮಾದ ಕಥೆ

1922ರ ಮಾರ್ಚ್ 4ರಂದು ಬರ್ಲಿನ್ ಮೃಗಾಲಯದ ಸಭಾಂಗಣದಲ್ಲಿ ಒಂದು ಮೂಕಿ ಸಿನಿಮಾದ ಮೊದಲ ಪ್ರದರ್ಶನ ನಡೆಯಿತು. ಹೆಸರು ‘ನೊಸ್ಫೆರಾಟು’. ಮೂರು ವರ್ಷದ ನಂತರ ಜರ್ಮನಿಯ ನ್ಯಾಯಾಲಯ ಅದರ ಎಲ್ಲ ಪ್ರತಿಗಳನ್ನೂ ನಾಶ ಮಾಡುವಂತೆ ಆದೇಶಿಸಿತು. ಅದೇ ಸಿನಿಮಾವನ್ನು ಇವತ್ತು ನೀವು ಮೊಬೈಲಿನಲ್ಲಿ ಪುಕ್ಕಟೆ ನೋಡಬಹುದು. ಅದು ಉಳಿದಿದ್ದು ಹೇಗೆ, ನೂರು ವರ್ಷದ ನಂತರವೂ ಅದರಲ್ಲಿ ನೋಡುವಂಥದ್ದು ಏನಿದೆ, ಎಲ್ಲಿ ಎಡವಿದೆ ಎಂಬುದನ್ನು ಇಲ್ಲಿ ಹೇಳುತ್ತೇವೆ.

ಮೊದಲು ಕಥೆ. 1838ರ ಜರ್ಮನಿ. ವಿಸ್ಬೋರ್ಗ್ ಎಂಬ ಊರಿನ ಮನೆ-ಜಮೀನು ದಲ್ಲಾಳಿ ಕ್ನಾಕ್, ತನ್ನ ಗುಮಾಸ್ತ ಹುಟರ್‌ನನ್ನು ದೂರದ ಬೆಟ್ಟದ ಕೋಟೆಗೆ ಕಳಿಸುತ್ತಾನೆ. ಅಲ್ಲಿರುವ ಜಮೀನ್ದಾರ ಓರ್ಲಾಕ್‌ಗೆ ಈ ಊರಿನಲ್ಲಿ ಒಂದು ಮನೆ ಬೇಕಂತೆ. ಓರ್ಲಾಕ್ ಮನುಷ್ಯನಲ್ಲ, ರಕ್ತ ಹೀರುವ ಪಿಶಾಚಿ. ಮಣ್ಣು ತುಂಬಿದ ಶವಪೆಟ್ಟಿಗೆಗಳ ಜೊತೆ ಹಡಗು ಹತ್ತಿ ಬರುತ್ತಾನೆ. ಅವನ ಹಿಂದೆ ಇಲಿಗಳು, ಇಲಿಗಳ ಹಿಂದೆ ಪ್ಲೇಗ್. ಕೊನೆಗೆ ಹುಟರ್‌ನ ಹೆಂಡತಿ ಎಲೆನ್, ಕೋಳಿ ಕೂಗುವ ತನಕ ಪಿಶಾಚಿಯನ್ನು ತನ್ನ ಬಳಿಯೇ ಹಿಡಿದಿಟ್ಟುಕೊಂಡು ಪ್ರಾಣ ಕೊಡುತ್ತಾಳೆ. ಬೆಳಗಿನ ಬಿಸಿಲು ತಾಗಿ ಅವನು ಹೊಗೆಯಾಗುತ್ತಾನೆ.

ಇದನ್ನು ಎಲ್ಲೋ ಕೇಳಿದ್ದೇವಲ್ಲ ಎನಿಸಿದರೆ ನೀವು ಸರಿ. ಇದು ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ ಕಾದಂಬರಿಯ ಕಥೆ. ಡ್ರಾಕುಲಾ ಓರ್ಲಾಕ್ ಆದ, ಹಾರ್ಕರ್ ಹುಟರ್ ಆದ, ಮೀನಾ ಎಲೆನ್ ಆದಳು. ಆದರೆ ಹಕ್ಕಿಗೆ ದುಡ್ಡು ಕೊಟ್ಟಿರಲಿಲ್ಲ, ಅನುಮತಿಯನ್ನೂ ಕೇಳಿರಲಿಲ್ಲ. ತಮಾಷೆಯೆಂದರೆ, ಇದು ‘ಡ್ರಾಕುಲಾ’ ಆಧರಿಸಿದ್ದು ಎಂದು ಅವರೇ ಬಹಿರಂಗವಾಗಿ ಹಾಕಿಕೊಂಡಿದ್ದರು. ಕದ್ದ ಎತ್ತನ್ನು ಅದೇ ಊರಿನ ಸಂತೆಗೆ ಹೊಡೆದುಕೊಂಡು ಹೋದ ಹಾಗೆ!

ಸ್ಟೋಕರ್ 1912ರಲ್ಲೇ ತೀರಿಕೊಂಡಿದ್ದರು. ಅವರ ಹೆಂಡತಿ ಫ್ಲಾರೆನ್ಸ್‌ಗೆ ಆ ಪುಸ್ತಕದಿಂದ ಬರುವ ಹಣ ಬದುಕಿಗೆ ಬೇಕಿತ್ತು. ಬರ್ಲಿನ್ ಪ್ರದರ್ಶನದ ಸುದ್ದಿ ತಿಳಿದ ಕೂಡಲೇ ಲೇಖಕರ ಸಂಘದ ನೆರವು ಪಡೆದು ಹೋರಾಟಕ್ಕಿಳಿದರು. ಸಿನಿಮಾ ಮಾಡಿದ ಕಂಪನಿ ಅಷ್ಟರಲ್ಲಿ ದಿವಾಳಿ. ಪರಿಹಾರ ಸಿಗುವ ಹಾಗಿರಲಿಲ್ಲ, ಹಾಗಾಗಿ ಪ್ರತಿಗಳನ್ನಾದರೂ ನಾಶ ಮಾಡಿ ಎಂದು ಪಟ್ಟು ಹಿಡಿದರು. 1925ರಲ್ಲಿ ಗೆದ್ದರು. ಸಿನಿಮಾ ಪ್ರೇಮಿಗಳು ಈಕೆಯನ್ನು ಕಲೆಯ ಶತ್ರು ಎಂಬಂತೆ ಬರೆಯುವುದುಂಟು. ನಮಗೆ ಹಾಗೆ ಕಾಣುವುದಿಲ್ಲ. ಗಂಡ ಬಿಟ್ಟುಹೋದ ಒಂದೇ ಆಸ್ತಿಯನ್ನು ಯಾರೋ ಕೇಳದೆ ಉತ್ತು ಬಿತ್ತಿದರೆ ಯಾರು ಸುಮ್ಮನಿರುತ್ತಾರೆ?

ಅಷ್ಟರಲ್ಲಿ ಕೆಲವು ಪ್ರತಿಗಳು ಬೇರೆ ದೇಶಗಳಿಗೆ ಹೋಗಿಬಿಟ್ಟಿದ್ದವು. 1929ರಲ್ಲಿ ನ್ಯೂಯಾರ್ಕಿನಲ್ಲೂ ಪ್ರದರ್ಶನವಾಯಿತು. ಅಮೆರಿಕದ ಯೂನಿವರ್ಸಲ್ ಕಂಪನಿ ಮಾತ್ರ ಹಕ್ಕು ಖರೀದಿಸಿಯೇ 1931ರಲ್ಲಿ ‘ಡ್ರಾಕುಲಾ’ ತೆಗೆಯಿತು.

ದಿವಾಳಿಯಾದ ಆ ಕಂಪನಿಯ ಹೆಸರು ‘ಪ್ರಾಣ ಫಿಲ್ಮ್’. ಹೌದು, ನಮ್ಮ ‘ಪ್ರಾಣ’ವೇ. ಅದರ ಪಾಲುದಾರ ಆಲ್ಬಿನ್ ಗ್ರಾವ್‌ಗೆ ಮಂತ್ರ-ಗೂಢವಿದ್ಯೆಗಳ ಹುಚ್ಚು. ಆ ಗುಂಗಿನಲ್ಲಿ ಸಂಸ್ಕೃತದ ಹೆಸರಿಟ್ಟರು. ಮೊದಲ ಮಹಾಯುದ್ಧದ ಸಮಯದಲ್ಲಿ ಸರ್ಬಿಯಾದ ರೈತನೊಬ್ಬ ತನ್ನ ತಂದೆ ಸತ್ತ ಮೇಲೆ ರಕ್ತಪಿಶಾಚಿಯಾದ ಎಂದು ಹೇಳಿದ್ದಾಗಿ ಗ್ರಾವ್ ಬರೆದುಕೊಂಡಿದ್ದಾರೆ. ನಿರ್ದೇಶಕ ಮುರ್ನಾವ್ ಕೂಡ ಅದೇ ಯುದ್ಧದಲ್ಲಿ ವಿಮಾನ ಹಾರಿಸಿದವರು. ಬೀದಿಯಲ್ಲಿ ಸಾಲಾಗಿ ಹೆಣ ಹೊತ್ತು ಸಾಗುವ ದೃಶ್ಯವನ್ನು ಯುದ್ಧ, ಫ್ಲೂ ಜ್ವರ ಎರಡನ್ನೂ ಕಂಡಿದ್ದ ಜನ ನೋಡಿದರು ಎಂಬುದನ್ನು ಮರೆಯಬಾರದು. ಇಲಿ ಬಿದ್ದರೆ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಾಲದ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಆ ದೃಶ್ಯ ಬೇಗ ನಾಟುತ್ತದೆ.

ಸಿನಿಮಾದ ದೊಡ್ಡ ಬಲ ಅದರ ಜಾಗಗಳು. ಆ ಕಾಲದ ಜರ್ಮನಿಯಲ್ಲಿ ಹೆಚ್ಚಿನ ಭಯದ ಸಿನಿಮಾಗಳನ್ನು ಸ್ಟುಡಿಯೋದಲ್ಲಿ ಬಣ್ಣ ಬಳಿದ ಸೆಟ್ ಹಾಕಿ ತೆಗೆಯುತ್ತಿದ್ದರು. ಮುರ್ನಾವ್ 1921ರಲ್ಲಿ ಕ್ಯಾಮೆರಾ ಹೊತ್ತು ಹೊರಗೆ ಹೊರಟರು. ವಿಸ್ಮಾರ್ ಬಂದರು, ಲ್ಯೂಬೆಕ್‌ನ ಹಳೆಯ ಉಪ್ಪಿನ ಗೋದಾಮುಗಳು, ಈಗಿನ ಸ್ಲೊವಾಕಿಯಾದ ಓರವಾ ಕೋಟೆ, ಎಲ್ಲವೂ ನಿಜವಾದವು. ಗಾಳಿಗೆ ಓಲಾಡುವ ಹುಲ್ಲು, ಬೆದರಿದ ಕುದುರೆಗಳು, ಅಲೆ ಸೀಳಿಕೊಂಡು ಬರುವ ಹಡಗು ಕಂಡಾಗ ಭೂತವೂ ನಿಜವೇ ಇರಬೇಕು ಅನಿಸುತ್ತದೆ. ಓರ್ಲಾಕ್ ಪಾತ್ರದ ಮ್ಯಾಕ್ಸ್ ಶ್ರೆಕ್ ಬೋಳು ತಲೆ, ಇಲಿಯಂಥ ಹಲ್ಲು, ಉದ್ದ ಉಗುರುಗಳೊಂದಿಗೆ ಮೈ ಸೆಟೆಸಿಕೊಂಡು ನಡೆಯುತ್ತಾರೆ. (ಜರ್ಮನ್ ಭಾಷೆಯಲ್ಲಿ ‘ಶ್ರೆಕ್’ ಎಂದರೆ ಭಯ. ಅದು ಅವರ ನಿಜವಾದ ಅಡ್ಡಹೆಸರು!) ಮೆಟ್ಟಿಲ ಗೋಡೆಯ ಮೇಲೆ ಬರೀ ಅವರ ನೆರಳು ಹತ್ತಿ ಬರುವುದನ್ನು ಈಗಲೂ ನಿರ್ದೇಶಕರು ನಕಲು ಮಾಡುತ್ತಲೇ ಇದ್ದಾರೆ.

ಇನ್ನೊಂದು ವಿಷಯ. ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲು ತಾಗಿದರೆ ರಕ್ತಪಿಶಾಚಿ ಸಾಯುತ್ತದೆ ಎಂಬುದನ್ನು ಸಿನಿಮಾಕ್ಕೆ ತಂದಿದ್ದು ‘ನೊಸ್ಫೆರಾಟು’. ಕದ್ದ ಕಥೆಗೆ ಸೇರಿಸಿದ ಈ ಸ್ವಂತ ತುಣುಕು ಈಗ ಎಲ್ಲ ರಕ್ತಪಿಶಾಚಿ ಕಥೆಗಳ ನಿಯಮದಂತಾಗಿದೆ.

ಕೊರತೆಗಳೂ ಇವೆ. ಹುಟರ್ ಪಾತ್ರಧಾರಿ ಮೊದಲರ್ಧದಲ್ಲಿ ವಿಪರೀತ ನಗುತ್ತಾನೆ, ಕುಣಿಯುತ್ತಾನೆ. ಭೂತದ ಗಾಡಿಯನ್ನು ವೇಗವಾಗಿ ಓಡಿಸಿ ತೋರಿಸಿದ್ದಾರೆ. ಅಂದು ಹೆದರಿಸಿತೋ ಏನೋ, ಇಂದು ನಗು ಬರುತ್ತದೆ. ತೋಳಮಾನವ ಎಂದು ಹೇಳಿ ಕತ್ತೆಕಿರುಬ ತೋರಿಸುತ್ತಾರೆ. ಪಿಶಾಚಿಯ ಬಗ್ಗೆ ತಿಳಿದ ಪ್ರೊಫೆಸರ್ ಒಬ್ಬರಿದ್ದಾರೆ, ಅವರಿಂದ ಒಂದು ಕೆಲಸವೂ ಆಗುವುದಿಲ್ಲ.

ಇವನ್ನೆಲ್ಲ ಹಳೆಯ ಕಾಲದ್ದು ಎಂದು ಬಿಡಬಹುದು. ಬಿಡಲಾಗದ್ದು ಒಂದಿದೆ. ಬಾಗಿದ ಮೂಗಿನ ಪರದೇಶದವನೊಬ್ಬ ಇಲಿ, ರೋಗಗಳನ್ನು ಹೊತ್ತು ಊರೊಳಗೆ ನುಗ್ಗುತ್ತಾನೆ ಎಂಬ ಚಿತ್ರ, ಅಂದಿನ ಜರ್ಮನಿಯಲ್ಲಿ ಯಹೂದಿಗಳ ವಿರುದ್ಧ ಹರಡುತ್ತಿದ್ದ ವಿಷಕ್ಕೆ ತೀರಾ ಹತ್ತಿರ ಎಂದು ಅನೇಕ ವಿಮರ್ಶಕರು ಹೇಳಿದ್ದಾರೆ. ತಂಡದ ಉದ್ದೇಶ ಅದಾಗಿರಲಿಕ್ಕಿಲ್ಲ. ಚಿತ್ರಕಥೆ ಬರೆದ ಹೆನ್ರಿಕ್ ಗಾಲೀನ್, ಕ್ನಾಕ್ ಪಾತ್ರ ಮಾಡಿದ ಅಲೆಕ್ಸಾಂಡರ್ ಗ್ರನಾಖ್ ಇಬ್ಬರೂ ಯಹೂದಿಗಳೇ. ಹಿಟ್ಲರ್ ಬಂದ ಮೇಲೆ ಇಬ್ಬರೂ ಜರ್ಮನಿ ಬಿಡಬೇಕಾಯಿತು. ಆದರೂ ಆ ಚಿತ್ರ ತೆರೆಯ ಮೇಲೆ ಇದೆ, ಅದನ್ನು ಅಲ್ಲಗಳೆಯಲಾಗದು.

ಅದೇ ಸಿನಿಮಾದಲ್ಲಿ ಇದಕ್ಕೆ ಉತ್ತರದಂಥ ಒಂದು ದೃಶ್ಯವೂ ಇದೆ. ಪ್ಲೇಗಿಗೆ ಕಂಗಾಲಾದ ಊರವರು ಹುಚ್ಚು ಹಿಡಿದ ಕ್ನಾಕ್‌ನೇ ಕಾರಣ ಎಂದು ಕಲ್ಲು ಹಿಡಿದು ಅಟ್ಟಿಸಿಕೊಂಡು ಹೋಗುತ್ತಾರೆ. ಹೊಲದಲ್ಲಿ ನಿಂತ ಆಕೃತಿಯನ್ನು ಅವನೇ ಎಂದುಕೊಂಡು ಮುಗಿಬಿದ್ದು ಹರಿದುಹಾಕುತ್ತಾರೆ. ಅದು ಬೆದರುಬೊಂಬೆ. ಓರ್ಲಾಕ್ ಅಷ್ಟು ಹೊತ್ತೂ ಎಲೆನ್‌ಳ ಎದುರುಮನೆಯಲ್ಲೇ ಇರುತ್ತಾನೆ.

ನೋಡುವವರಿಗೆ ಒಂದು ಮಾತು. ಬಣ್ಣ ಲೇಪಿಸಿದ ಪ್ರತಿಯನ್ನೇ ಹುಡುಕಿ. ರಾತ್ರಿಯ ದೃಶ್ಯಗಳನ್ನೂ ಹಗಲಲ್ಲೇ ತೆಗೆದು, ಆಮೇಲೆ ಫಿಲ್ಮಿಗೆ ನೀಲಿ ಬಣ್ಣ ಹಾಕಿದ್ದರು. ಬರೀ ಕಪ್ಪು-ಬಿಳುಪಿನ ಪ್ರತಿಯಲ್ಲಿ ಬಿಸಿಲಿಗೆ ಸಾಯಬೇಕಾದ ಓರ್ಲಾಕ್ ಸುಡು ಬಿಸಿಲಲ್ಲೇ ಶವಪೆಟ್ಟಿಗೆ ಹೊತ್ತು ಊರು ಸುತ್ತುತ್ತಾನೆ. ಹಾನ್ಸ್ ಎರ್ಡ್‌ಮನ್ ಕೊಟ್ಟಿದ್ದ ಮೂಲ ಸಂಗೀತ ಬಹುಪಾಲು ಕಳೆದುಹೋಗಿದೆ, ಹಾಗಾಗಿ ಒಂದೊಂದು ಪ್ರತಿಯಲ್ಲಿ ಒಂದೊಂದು ಸಂಗೀತ. ಹಿಡಿಸದಿದ್ದರೆ ಸೌಂಡ್ ಬಂದ್ ಮಾಡಿ ನೋಡಿ, ನಷ್ಟವೇನಿಲ್ಲ.