ಶಿಲೆಯ ಸೀಳುಗಳು ಮತ್ತು ಇಳಿಜಾರಿನ ಸುರಕ್ಷತೆ: ಸಾಮಾನ್ಯ ಮಾಹಿತಿ

ಕಲ್ಲುಗಣಿ, ರಸ್ತೆ ಹಾಗೂ ಅಣೆಕಟ್ಟು ಕಾಮಗಾರಿಗಳಲ್ಲಿ ಗಟ್ಟಿ ಶಿಲೆಯು ಬಹುಮಟ್ಟಿಗೆ ತನ್ನಲ್ಲಿ ಮೊದಲೇ ಇರುವ ಸೀಳುಗಳ ಗುಂಟ ಜಾರಿ ಕುಸಿಯುತ್ತದೆ. ಆದುದರಿಂದ ಕಲ್ಲಿನ ಮಾದರಿ ತುಂಡಿನ ಬಲವನ್ನು ಮಾತ್ರ ಆಧರಿಸಿ ಇಳಿಜಾರಿನ ಸುರಕ್ಷತೆಯನ್ನು ನಿರ್ಧರಿಸಲಾಗದು.

ಫ್ರಾನ್ಸ್ ದೇಶದ ಮಾಲ್ಪಾಸೆ ಅಣೆಕಟ್ಟು 1959ರ ಡಿಸೆಂಬರ್ 2ರಂದು ಒಡೆದು 400ಕ್ಕೂ ಹೆಚ್ಚು ಜನರು ಮೃತಪಟ್ಟರು. ಎಡದಂಡೆಯ ಅಡಿಪಾಯದ ಶಿಲೆಯು ನೀರಿನ ಒತ್ತಡದಿಂದ ಸೀಳುಗಳ ಗುಂಟ ಸರಿದದ್ದು ಇದಕ್ಕೆ ಕಾರಣವೆಂದು ನಂತರದ ಅಧ್ಯಯನಗಳಿಂದ ಕಂಡುಬಂದಿದೆ.

ಲೆಕ್ಕಾಚಾರಕ್ಕೆ ಬೇಕಾಗುವ ಅಂಶಗಳು

ನಿಕ್ ಬಾರ್ಟನ್ ಮತ್ತು ಚೌಬೆ ಅವರು 1977ರಲ್ಲಿ ಪ್ರಕಟಿಸಿದ ವಿಧಾನವು ವ್ಯಾಪಕವಾಗಿ ಬಳಕೆಯಲ್ಲಿದೆ. ಇದಕ್ಕೆ ಕೆಳಕಂಡ ಅಂಶಗಳು ಅವಶ್ಯಕ:

1. ಒರಟುತನದ ಅಂಕ: ಸೀಳಿನ ಮೇಲ್ಮೈಯನ್ನು 10 ಮಾದರಿ ರೇಖೆಗಳೊಂದಿಗೆ ಹೋಲಿಸಿ 0ಯಿಂದ 20ರವರೆಗೆ ನೀಡಲಾಗುತ್ತದೆ.
2. ಸೀಳಿನ ಗೋಡೆಯ ಬಲ: ಶ್ಮಿಟ್ ಸುತ್ತಿಗೆಯಿಂದ ಅಂದಾಜಿಸಲಾಗುತ್ತದೆ.
3. ಉಳಿಕೆ ಘರ್ಷಣಾ ಕೋನ: ಕಲ್ಲಿನ ತುಂಡುಗಳನ್ನು ಓರೆಯಾಗಿಸುವ ಪರೀಕ್ಷೆಯ ಫಲಿತಾಂಶವನ್ನು ಶಿಲೆಯ ಶಿಥಿಲತೆಗೆ ಅನುಗುಣವಾಗಿ ತಗ್ಗಿಸಿ ಪಡೆಯಲಾಗುತ್ತದೆ.

ಗೋಡೆಯ ಬಲವನ್ನು ಸೀಳಿನ ಮೇಲೆ ಲಂಬವಾಗಿ ಬೀಳುವ ಒತ್ತಡದಿಂದ ಭಾಗಿಸಿ, 10ರ ಆಧಾರದಲ್ಲಿ ಅದರ ಲಾಗರಿದಮ್ ಪಡೆದು, ಒರಟುತನದ ಅಂಕದಿಂದ ಗುಣಿಸಿ, ಘರ್ಷಣಾ ಕೋನಕ್ಕೆ ಕೂಡಿಸಬೇಕು. ಹೀಗೆ ದೊರೆತ ಕೋನದ ಟ್ಯಾಂಜೆಂಟ್ ಮೌಲ್ಯವನ್ನು ಸದರಿ ಒತ್ತಡದಿಂದ ಗುಣಿಸಿದಲ್ಲಿ ಜಾರುವಿಕೆಗೆ ಸೀಳು ಒಡ್ಡುವ ಪ್ರತಿರೋಧ ತಿಳಿಯುತ್ತದೆ.

ಉದಾಹರಣೆ

ಒರಟುತನ 10, ಗೋಡೆಯ ಬಲ 100 ಮೆಗಾಪ್ಯಾಸ್ಕಲ್, ಘರ್ಷಣಾ ಕೋನ 30 ಡಿಗ್ರಿ, ಲಂಬ ಒತ್ತಡ 1 ಮೆಗಾಪ್ಯಾಸ್ಕಲ್ ಇದ್ದಲ್ಲಿ ಒಟ್ಟು ಕೋನ 50 ಡಿಗ್ರಿ. ಪ್ರತಿರೋಧ ಸುಮಾರು 1.19 ಮೆಗಾಪ್ಯಾಸ್ಕಲ್. ಅದೇ ಸೀಳು ನುಣುಪಾಗಿದ್ದಲ್ಲಿ, ಅಂದರೆ ಒರಟುತನ 0 ಆಗಿದ್ದಲ್ಲಿ, ಇದು 0.58ಕ್ಕೆ ಇಳಿಯುತ್ತದೆ. ಮೊದಲಿನ ಒರಟು ಸೀಳಿನೊಳಗೆ ನೀರು ತುಂಬಿ 0.4 ಮೆಗಾಪ್ಯಾಸ್ಕಲ್ ಒತ್ತಡ ಉಂಟುಮಾಡಿದಲ್ಲಿ ಪರಿಣಾಮಕಾರಿ ಲಂಬ ಒತ್ತಡ 0.6 ಮಾತ್ರ ಉಳಿದು, ಪ್ರತಿರೋಧ ಸುಮಾರು 0.77ಕ್ಕೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಭದ್ರವಾಗಿ ಕಂಡ ಇಳಿಜಾರು ಮಳೆಗಾಲದಲ್ಲಿ ಕುಸಿಯಲು ಇದು ಒಂದು ಮುಖ್ಯ ಕಾರಣ.

ಅರ್ಜಿದಾರರ ಗಮನಕ್ಕೆ

ಸೀಳಿನ ಉದ್ದ ಹೆಚ್ಚಿದಂತೆ ಒರಟುತನ ಹಾಗೂ ಗೋಡೆಯ ಬಲ ಎರಡೂ ಕಡಿಮೆಯಾಗುವುದರಿಂದ, ಸಣ್ಣ ಮಾದರಿಯ ಫಲಿತಾಂಶವನ್ನು ಇಡೀ ಇಳಿಜಾರಿಗೆ ನೇರವಾಗಿ ಅನ್ವಯಿಸಬಾರದು. ಜೇಡಿಮಣ್ಣು ತುಂಬಿದ ಸೀಳುಗಳಿಗೆ ಪ್ರತ್ಯೇಕ ಪರೀಕ್ಷೆ ಅವಶ್ಯಕ. ಭೂವೈಜ್ಞಾನಿಕ ವರದಿ ಸಿದ್ಧಪಡಿಸಿಕೊಳ್ಳುವವರು ಸೀಳುಗಳ ದಿಕ್ಕು, ಓರೆ, ಅಂತರ, ಒರಟುತನ, ತುಂಬಿಕೆ ಹಾಗೂ ನೀರಿನ ಇರುವಿಕೆ ವರದಿಯಲ್ಲಿ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ. ಇಳಿಜಾರಿನ ಕೆಳಗೆ ದುಡಿಯುವವರ ಜೀವರಕ್ಷಣೆ ಈ ದಾಖಲೆಯನ್ನು ಅವಲಂಬಿಸಿರುತ್ತದೆ.