ಶಿಲೀಂಧ್ರಕ್ಕೆ ಶಿಲೀಂಧ್ರವೇ ಶತ್ರು: ಟ್ರೈಕೋಡರ್ಮಾ ನಮ್ಮ ಗದ್ದೆಗೆ ಬಂದ ದಾರಿ

"ಟ್ರೈಕೋಡರ್ಮಾ ಹಾಕಿದ್ವಿ, ಏನೂ ಆಗ್ಲಿಲ್ಲ, ದುಡ್ಡು ದಂಡ." ಸಂತೇಬೆನ್ನೂರಲ್ಲಿ ಈ ಮಾತು ಎಷ್ಟು ಸಲ ಕೇಳಿದೀನೋ. ಮೊದಲ ವರ್ಷ ನಾನೂ ಹಂಗೇ ಬೈದೋನೇ. ಇದರ ಹಿಂದಿನ ಕಥೆ ಓದಿದ ಮೇಲೆ ತಪ್ಪು ಎಲ್ಲಾಗಿತ್ತು ಅಂತ ತಿಳೀತು.

ಈ ಹಸಿರು ಬೂಷ್ಟಿಗೆ ಪರ್ಸೂನ್ ಎಂಬ ವಿಜ್ಞಾನಿ ಹೆಸರಿಟ್ಟಿದ್ದು 1794ರಲ್ಲಿ. ರೈತನಿಗೆ ಉಪಯೋಗ ಐತೆ ಅಂತ ಗೊತ್ತಾಗೋಕೆ ಮತ್ತೆ 138 ವರ್ಷ ಹಿಡೀತು. 1932ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವೈಂಡ್ಲಿಂಗ್ ಎಂಬುವರು ಕಿತ್ತಳೆ-ನಿಂಬೆ ಸಸಿ ಕೊಳೆಯೋ ರೋಗ ನೋಡ್ತಿದ್ದರು. ರೋಗ ತರುವ ರೈಜೋಕ್ಟೋನಿಯಾದ ಎಳೆಗಳಿಗೆ ಟ್ರೈಕೋಡರ್ಮಾ ಬಳ್ಳಿಯಂತೆ ಸುತ್ತಿಕೊಂಡು ಅದನ್ನೇ ತಿನ್ನುತ್ತೆ ಅಂತ ತೋರಿಸಿದರು. ಎದುರಾಳಿಯನ್ನು ಕೊಲ್ಲೋ ವಿಷವನ್ನೂ ಬಿಡುತ್ತೆ ಅಂತ 1934ರಲ್ಲಿ ಬರೆದರು.

ನಮ್ಮ ಭತ್ತಕ್ಕೆ ಎಲೆ ಕವಚ ಒಣಗುವ ರೋಗ ತರೋದೂ ಇದೇ ರೈಜೋಕ್ಟೋನಿಯಾ! 1910ರಲ್ಲಿ ಜಪಾನಿನಿಂದ, 1963ರಲ್ಲಿ ಪಂಜಾಬಿನ ಗುರುದಾಸಪುರದಿಂದ ಇದರ ಮೊದಲ ವರದಿ ಬಂತು. 1966ರಲ್ಲಿ ಐಆರ್-8 ಬಿಡುಗಡೆಯಾಯ್ತು. ಅಲ್ಲಿಂದ ಗಿಡ್ಡ ತಳಿ, ಒತ್ತು ನಾಟಿ, ಯೂರಿಯಾ ಎಲ್ಲಾ ಕಡೆ ಹಬ್ಬಿತು. ನಮ್ಮ ಕಡೆ ಭದ್ರಾ ನಾಲೆ ನೀರೂ ಸೇರಿತು. ಇಳುವರಿ ಏರಿತು, ನಿಜ. ಆದರೆ ಬುಡಕ್ಕೆ ಗಾಳಿಯಾಡದೆ, ತೇವ ನಿಂತು, ರೋಗಕ್ಕೂ ಹಬ್ಬವಾಯ್ತು. ಇದರ ಸಣ್ಣ ಕಂದು ಗಡ್ಡೆಗಳು ಮಣ್ಣಲ್ಲೇ ಉಳಿದು, ನೀರು ಕಟ್ಟಿದಾಗ ತೇಲಿ ಪೈರಿನ ಬುಡಕ್ಕೆ ಅಂಟುತ್ತವೆ.

ಈಗ ನನ್ನ ತಪ್ಪು ಕೇಳಿ. ಬೀಜಕ್ಕೆ ಕಾರ್ಬೆಂಡೈಜಿಮ್ ಹಚ್ಚಿ, ಅದರ ಮೇಲೇ ಟ್ರೈಕೋಡರ್ಮಾ ಹಚ್ಚಿದ್ದೆ. ಶಿಲೀಂಧ್ರನಾಶಕಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ, ಎರಡನ್ನೂ ಕೊಲ್ಲುತ್ತೆ. ಮಚ್ಚೆ ಕಂಡ ಮೇಲೆ ನೀರು ನಿಂತ ಗದ್ದೆಗೆ ಇನ್ನೊಂದು ಪ್ಯಾಕೆಟ್ ಎರಚಿದೆ. ಅದು ಗಾಳಿ ಬೇಕಾದ ಜೀವಿ, ನಿಂತ ನೀರಲ್ಲಿ ಏನು ಮಾಡೀತು?

ಈಗ ಕೆ.ಜಿ. ಬೀಜಕ್ಕೆ 10 ಗ್ರಾಂ, ರಾಸಾಯನಿಕ ಮುಟ್ಟಿಸದೆ ಹಚ್ತೀನಿ. ಉಳಿದಿದ್ದನ್ನು ಕಳಿತ ತಿಪ್ಪೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ತೇವ ಆರದಂಗೆ ಇಟ್ಟು, ಒಟ್ಲಿಗೂ ಗದ್ದೆಗೂ ನೀರು ಕಟ್ಟೋ ಮೊದಲೇ ಹಾಕ್ತೀನಿ. ಪ್ಯಾಕೆಟ್ ತಗೊಳ್ಳುವಾಗ ಅವಧಿ ನೋಡ್ತೀನಿ. ಒಳಗಿರೋದು ಜೀವ, ಸತ್ತಿದ್ರೆ ಬರೀ ಪುಡಿ.

ಬೆಂಕಿ ರೋಗ ಮುಖ್ಯವಾಗಿ ಗಾಳೀಲಿ ಹರಡುತ್ತೆ, ಮಣ್ಣಿಗೆ ಹಾಕಿದ್ದೊಂದೇ ಅದನ್ನ ತಡೆಯುತ್ತೆ ಅಂತ ನಂಬ್ಕೊಂಡು ಕೂರಬೇಡಿ. ಯೂರಿಯಾ ಕಡಿಮೆ ಮಾಡದಿದ್ರಂತೂ ಯಾವುದೂ ನಡೆಯಲ್ಲ.

ಇದು ಔಷಧಿ ಅಲ್ಲ, ಕಾವಲುಗಾರ. ಕಳ್ಳ ಒಳಗೆ ಬಂದ ಮೇಲೆ ಕಾವಲು ಹಾಕಿದ್ದು ನಮ್ಮದೇ ತಪ್ಪು.